ಅರುಳಮ್ಮನ ಮನೆ ಊಟ

ಟಿ. ನರಸೀಪುರ
೧೧ ನವೆಂಬರ್ ೨೦೨೪

ಪ್ರೀತಿಯ ಮದನ್,

ಸರ್ವೇಶ್ವರನಿಗೆ ಸ್ತೋತ್ರ. ನಿನ್ನ ಕಾಗದ ಬಂದು ಇಪ್ಪತ್ತು ದಿನ ಆಯ್ತು. ಕಣ್ಣಿನ ಆಪರೇಷನ್ ಆಗಿ ಕರಿ ಕನ್ನಡಕ ಹಾಕಿಕೊಂಡು ಕೂತಿದ್ದೆ ಅಂತ ನೆಪ ಹೇಳಬಹುದು. ಆದರೆ ಕನ್ನಡಕ ತೆಗೆದೇ ವಾರವಾಯ್ತು. ಏನು ಬರೀಬೇಕು ಅಂತ ತಿಳೀಲಿಲ್ಲ, ಅದೇ ನಿಜ. ಫೋನ್ ಮಾಡಿದರೆ ಉಪದೇಶ ಶುರುಮಾಡಿಬಿಡ್ತೀನಿ, ಅದಕ್ಕೇ ಕಾಗದ.

ರಿಟೈರ್ ಆದ ಮೇಲೆ ಈ ಕಾನ್ವೆಂಟಿನ ಹಿಂದಿನ ರೂಮಲ್ಲಿ ಸುಖವಾಗೇ ಇದ್ದೀನಿ. ಸಿಸ್ಟರ್‌ಗಳು ಎರಡು ಹೊತ್ತೂ ಕ್ಯಾರಿಯರ್ ಕಳಿಸ್ತಾರೆ. ಉಪ್ಪು ಕಮ್ಮಿ, ಖಾರ ಇಲ್ಲವೇ ಇಲ್ಲ. ಸ್ವರ್ಗದಲ್ಲೂ ಇದೇ ಸಾರಾದರೆ ನಾನು ವಾಪಸ್ ಬರ್ತೀನಿ.

ಇನ್ನು ನಿನ್ನ ವಿಷಯ. ಸಂಜೆ ಚರ್ಚಿನ ಬಾಗಿಲು ಹಾಕಿದರೆ ಬೆಳಿಗ್ಗೆ ಪೂಜೆ ತನಕ ಒಂದು ನರಪಿಳ್ಳೆಯ ಮಾತಿಲ್ಲ, ರಜೆ ಕೇಳಿ ಬಿಷಪ್ಪರಿಗೆ ಅರ್ಜಿ ಬರೆದಿಟ್ಟಿದ್ದೀನಿ, ಬಹುಶಃ ವಾಪಸ್ ಬರಲ್ಲ ಅಂತ ಬರೆದಿದ್ದೀಯ. ಗುರುದೀಕ್ಷೆಯಾಗಿ ಹದಿನಾಲ್ಕೇ ತಿಂಗಳಿಗೆ! ಓದಿ ಮೊದಲು ಸಿಟ್ಟು ಬಂತು. ಈಗಿನವರಿಗೆ ತಾಳ್ಮೆ ಇಲ್ಲ ಅಂದುಕೊಂಡೆ. ಆಮೇಲೆ ಹೋದ ಸೋಮವಾರ ನಿಮ್ಮೂರಲ್ಲಿ ಜಪ ಹೇಳಿಕೊಡೋ ಇನ್ನಾಸಪ್ಪ ಹುಲ್ಲಹಳ್ಳಿಯಿಂದ ಎರಡು ಬಸ್ ಹತ್ತಿ ಬಂದ.

"ಏನೇಳ್ಲಿ ಸ್ವಾಮಿ," ಅಂದ. "ಅರುಳಮ್ಮ ಗಂಡನ ನಲವತ್ತನೇ ದಿನಕ್ಕೆ ಕೋಳಿ ಕುಯ್ದು, ಮುದ್ದೆ ಮಾಡಿ, ಎಲೆ ಆಕಿ ಕಾಯ್ತಿದ್ಲು. ನಮ್ ಚಿಕ್ ಸ್ವಾಮೇರು ಜಪ ಮುಗಿಸಿ ನೀರೂ ಕುಡೀದೆ ಒಂಟೋದ್ರು. ಕಿರಸ್ತಾನರಾಗಿ ಮೂರು ತಲೆ ಆಯ್ತು, ಈಗ್ಲೂ ನಮ್ ಮನೆ ಅನ್ನ ಮೈಲಿಗೆನಾ ಅಂತ ಅತ್ಲು. ನಾಕು ಭಾನುವಾರದಿಂದ ಪೂಜೆಗೆ ಬಂದಿಲ್ಲ."

ಮದನ್, ನೀನು ಮಾಡಿದ್ದು ನಾನು ಹೇಳಿಕೊಟ್ಟದ್ದು. ನನ್ನ ಕೈಕೆಳಗೆ ಆರು ತಿಂಗಳು ಇದ್ದೆಯಲ್ಲ, ಬಂದ ಮೊದಲ ವಾರವೇ ದೊಡ್ಡ ಜ್ಞಾನಿ ಥರ ಹೇಳಿದೆ: "ಒಂದು ಮನೇಲಿ ಉಂಡರೆ ಹತ್ತು ಮನೆಗೆ ಹೊಟ್ಟೆಕಿಚ್ಚು. ಯಾರ ಮನೇಲೂ ಉಣ್ಣಬೇಡ, ಎಲ್ಲರಿಗೂ ಸಮನಾಗಿರ್ತೀಯ." ನನಗೆ ನನ್ನ ಗುರುಗಳು ಹೇಳಿದ್ದರು. ನಲವತ್ತೊಂದು ವರ್ಷ ಪಾಲಿಸಿದೆ. ನೀನು ಪಾಪ, ಚಾಚೂ ತಪ್ಪದೆ ಪಾಲಿಸಿದೆ. ಅವಳಿಗೂ ನೋವಾಯ್ತು, ನೀನೂ ಒಂಟಿಯಾದೆ. ತಪ್ಪು ನಂದು ಕಣೋ.

ಅರ್ಜಿ ಕೊಡೋದು ಬಿಡೋದು ನಿನ್ನಿಷ್ಟ. ಅದಕ್ಕೆ ಮುಂಚೆ ಅರುಳಮ್ಮನ ಮನೆಗೆ ಹೋಗು. ಕರೀಲಿ ಅಂತ ಕಾಯಬೇಡ, ಅವಳಿನ್ನು ಕರೆಯಲ್ಲ. ಬಾಗಿಲಲ್ಲಿ ನಿಂತು ಸಮಜಾಯಿಷಿ ಕೊಡಬೇಡ. ಒಳಗೆ ಹೋಗಿ ಕೂತು "ಅವ್ವಾ, ಹೊಟ್ಟೆ ಹಸೀತೈತೆ" ಅನ್ನು. ಬೈದರೆ ಬೈಸಿಕೋ. ಏನು ಹಾಕಿದರೂ ಉಣ್ಣು. ಮಾರನೆ ದಿನ ಪಕ್ಕದ ಮನೆಯವರು ಮುನಿಸಿಕೊಂಡರೆ ಅಲ್ಲೂ ಉಣ್ಣು. ಹೊಟ್ಟೆ ಬಂದರೆ ಬರಲಿ ಬಿಡು.

ದೇವರು ನಿನ್ನ ಕೈ ಬಿಡದಿರಲಿ ಮಗಾ. ಪೂಜೆಯಲ್ಲಿ ನನ್ನನ್ನೂ ನೆನೆ.

ನಿನ್ನ,
ಫಾದರ್ ಚೌರಪ್ಪ

ಮತ್ತೆ: ಇದನ್ನು ಬರೆಯೋದೋ ಬೇಡವೋ ಅಂತಿದ್ದೆ. ಆಗಸ್ಟ್‌ನಲ್ಲಿ ಹೇಳದೆ ಕೇಳದೆ ಬಿಳಿಗೆರೆ ಕಡೆಯ ನನ್ನ ಹಳೇ ಊರಿಗೆ ಹೋಗಿದ್ದೆ, ಹದಿನಾರು ವರ್ಷ ಇದ್ದ ಊರು. ಮಧ್ಯಾಹ್ನ ಜೋಜಪ್ಪನ ಮನೆ ಜಗಲಿ ಮೇಲೆ ಕೂತಿದ್ದಾಗ ಹೊಸ ಸೊಸೆ ತಟ್ಟೇಲಿ ಮುದ್ದೆ, ಬಸ್ಸಾರು ತಂದಳು. "ಒಳಕ್ ತಗಂಡೋಗವ್ವ," ಅಂದ ಜೋಜಪ್ಪ. "ನಮ್ ಸ್ವಾಮೇರು ಯಾರ ಮನೇಲೂ ಉಣ್ಣಕ್ಕಿಲ್ಲ. ಅಂಥ ದೊಡ್ ಮನ್ಸ ಅವ್ರು." ಹೆಮ್ಮೆಯಿಂದಲೇ ಅಂದ. ಒಳಗೆ ಎಲ್ಲರೂ ಕೂತು ಉಂಡರು, ನಗು ಕೇಳಿಸ್ತಿತ್ತು. ನನಗೆ ಎಳನೀರು ಕೊಟ್ಟರು. ಹಸಿವಾಗಿತ್ತು ಮಗಾ. "ಬಡಿಸವ್ವ" ಅನ್ನೋಕೆ ಬಾಯೇ ಬರಲಿಲ್ಲ.