ಬೆಳ್ಳುಳ್ಳಿಯ ವಾಸನೆ

ಬ್ಯಾಡಗಿ

ಮನೆ ಮಾಲಕರಾದ ಇಂದಿರಾಬಾಯಿಯವರಿಗೆ, ಪಕ್ಕದ ಬಾಡಿಗೆಮನೆಯ ಅಕ್ಬರಬಿಯ ಸಲಾಂ.

ನೀವು ಗಳಗನಾಥಕ್ಕೆ ಹೋಗಿದ್ದೀರಿ, ಫೋನ್ ಹತ್ತುತ್ತಿಲ್ಲ. ಅದಕ್ಕೇ ಈ ಕಾಗದವನ್ನು ನಿಮ್ಮ ಬಾಗಿಲಿಗೆ ಸಿಕ್ಕಿಸಿದ್ದೇನೆ.

ಮೊನ್ನೆ ನೀವು, "ಅಕ್ಬರಬಿ, ನಿನ್ನ ಬಳ್ಳೊಳ್ಳಿ ವಾಸನಿ ನಮ್ಮ ದೇವರ ಮನಿತನಕ ಬರ್ಲಿಕತ್ತದಲ್ಲ" ಅಂದಿರಿ. ಅಂದಿನಿಂದ ನಾನು ಬೆಳ್ಳುಳ್ಳಿ ಮುಟ್ಟಿಲ್ಲ. ಸಪ್ಪೆ ಸಾರು ಉಂಡು ನಮ್ಮ ಮನೆಯವರು ಮುನಿಸಿಕೊಂಡಿದ್ದಾರೆ. ಆದರೂ ವಾಸನೆ ಹೆಚ್ಚುತ್ತಲೇ ಇದೆ. ಬೆಳಗಿನಿಂದ ಮಗಳು ಸಿಮ್ರಾನಳಿಗೆ ವಾಂತಿ, ತಲೆಸುತ್ತು. ನನ್ನ ಅಡಿಗೆಯೇ ಕೆಟ್ಟಿತೋ, ಇಲ್ಲ ನಮ್ಮಿಬ್ಬರ ಮನೆಗಳ ನಡುವಿನ ಕೋಣೆಯ ಜೋಳದ ಚೀಲಗಳಲ್ಲಿ ನುಸಿಗೆಂದು ನೀವಿಟ್ಟ ಮಾತ್ರೆಗಳೇ ಹೀಗೆ ಬೆಳ್ಳುಳ್ಳಿಯಂತೆ ನಾರುತ್ತವೆಯೋ, ನನಗೊಂದೂ ತಿಳಿಯುತ್ತಿಲ್ಲ.

ಅವಳನ್ನು ಹಾವೇರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ಕಾಗದ ಕಂಡೊಡನೆ ಮಾತ್ರೆಯ ಹೆಸರು ಫೋನ್ ಮಾಡಿ ಹೇಳಿ. ತಪ್ಪು ನನ್ನದಾದರೆ ಆಮೇಲೆ ಬೈಯಿರಿ. ಇವತ್ತು ಮಾತ್ರ ನಿಮ್ಮ ಮೊಮ್ಮಗ ನಂದನನನ್ನು ನಿಮ್ಮ ಮನೆಯೊಳಗೆ ಮಲಗಿಸಬೇಡಿ.

ಇತಿ,
ಅಕ್ಬರಬಿ