ಶನಿಗ್ರಹದ ಏಡಿಗಳು

24 ಮೇ 2004, ಸೋಮವಾರ

ಬಿಸಿನೀರಲ್ಲಿ ಕೈ ಹತ್ತು ನಿಮಿಷ. ರಬ್ಬರ್ ಚೆಂಡು ಹಿಚುಕುವುದು ಮೂವತ್ತು ಸಲ. ಬಟ್ಟೆ ಕ್ಲಿಪ್ಪು ಹಗ್ಗಕ್ಕೆ ಸಿಕ್ಕಿಸುವುದು, ತೆಗೆಯುವುದು. ಆಮೇಲೆ ಇದು — ಬರೆಯುವುದು. ದಿನಕ್ಕೆ ಹತ್ತು ಸಾಲು, ಬಲಗೈಯಲ್ಲೇ. ಫಿಸಿಯೋ ಮೇಡಂ ಹೇಳಿದ್ದು. ಏನು ಬರೆಯಲಿ ಅಂದೆ. ಏನಾದರೂ ಬರಿ, ನಾನು ಓದುವುದಿಲ್ಲ ಅಂದರು.

ಎಸ್ಸೆಸ್ಸೆಲ್ಸಿ ಮುಗಿದು ಹನ್ನೊಂದು ವರ್ಷ. ಅಲ್ಲಿಂದ ಪೆನ್ನು ಹಿಡಿದದ್ದು ರುಜು ಹಾಕಲು ಮಾತ್ರ.

ಹೆಬ್ಬೆರಳು, ತೋರುಬೆರಳು ಸರಿ ಇವೆ. ನಡುಬೆರಳು ಅರ್ಧ. ಉಂಗುರದ ಬೆರಳು, ಕಿರುಬೆರಳು — ಬೇರೆ ಯಾರದೋ ತಂದು ಹೊಲಿದ ಹಾಗೆ. ಬೆಳಿಗ್ಗೆ ಚಾ ಚೆಲ್ಲಿತು. ಹೆಂಡತಿ ಹರಿಣಾಕ್ಷಿ ಓಡಿ ಬಂದು ಒರೆಸಿದಳು. "ಹ್ವಾಯ್, ಕೈ ಸುಟ್ಟದ್ದೂ ಗೊತ್ತಾತಿಲ್ಯಾ ನಿಮ್ಗೆ?" ಗೊತ್ತಾಗಿರಲಿಲ್ಲ. ಒರೆಸುತ್ತ ಅದೇ ಹಳೇ ಮಾತು. "ಅವತ್ತ್ ಬೋಟಲ್ಲಿ ಕಾಲ್ ಎಲ್ಲಿ ಇಡ್ತ್ರಿ ಅಂತ ಒಂಚೂರ್ ಕಂಡಿರೆ ಇಷ್ಟೆಲ್ಲ ಆತಿರ್ಲಿಲ್ಲ."

ಹತ್ತು ಸಾಲಾಯಿತು.

2 ಜೂನ್, ಬುಧವಾರ. ಮಧ್ಯಾಹ್ನ 3

ತಂಗಿ ಧನ್ಯಶ್ರೀ ರಿಕ್ಷಾದಲ್ಲಿ ಕಂಪ್ಯೂಟರ್ ತಂದಳು. ಅವಳು ಕೆಲಸ ಮಾಡುವ ಡಿಟಿಪಿ ಅಂಗಡಿಯದ್ದು, ಹಳತು. ಹೊಸತು ಬಂತು, ಇದನ್ನು ಇವಳಿಗೆ ಕೊಟ್ಟರು. ಪರದೆಯ ಬೆನ್ನು ಗೋಣಿಚೀಲದಷ್ಟು ದಪ್ಪ. ಟಿವಿ ಮೇಜಿನ ಮೇಲೆ ಇಟ್ಟೆವು. ಟಿವಿ ನೆಲಕ್ಕೆ.

"ಅಣ್ಣ, ಬೆರಳ್ ಆಡ್ಸ್ಕ್ ಅಂದಿರ್ ಅಲ್ದಾ. ಇದ್ರಂಗೆ ಆಡ್ಸ್" ಅಂದಳು. ಒಂದು ಗೇಮ್ ಹಾಕಿಕೊಟ್ಟಳು.

ಕಪ್ಪು ಬಿಳುಪು. ಹಳೇ ರೀಲಿನ ಹಾಗೆ ಗೀರು, ಕರಕರ ಸದ್ದು. ಆಕಾಶದಲ್ಲಿ ಹಾರುವ ತಟ್ಟೆ — ಮೇಲಿಂದ ದಾರ ಕಟ್ಟಿದ್ದು ಕಾಣುತ್ತದೆ. ರೋಬೋಟ್ ಅಂದರೆ ತಲೆಗೆ ಬಾಲ್ದಿ ಮಗುಚಿ ಹಾಕಿದ ಮನುಷ್ಯ. ರಾಕ್ಷಸನ ಬೆನ್ನಲ್ಲಿ ಜಿಪ್ಪು. ಒಬ್ಬಳು ಹೆಂಗಸು ಎರಡು ನಿಮಿಷಕ್ಕೊಮ್ಮೆ ಚೀರುತ್ತಾಳೆ, ಬಾಯಿ ಮುಚ್ಚಿದ ಮೇಲೂ ಸದ್ದು ಬರುತ್ತಿರುತ್ತದೆ. ಮಧ್ಯೆ ಇಂಟರ್ವಲ್ ಬೇರೆ.

ಇದೆಂತ ಹೀಗೆ ಅಂದೆ. "ಬೇಕಂತ್ಲೇ ಹಾಂಗ್ ಮಾಡಿದ್ದ್. ಮೊದ್ಲ್ ಫಾರಿನ್ನಲ್ಲಿ ಚೀಪಾಗಿ ಇಂಥ ಪಿಚ್ಚರ್ ತೆಗೀತಿದ್ರಂಬ್ರ್. ಅದನ್ನ ತಮಾಷಿ ಮಾಡುದ್."

ನಮ್ಮ ಕೆಲಸ ಗನ್ ಹಿಡಿದು ಓಡುವುದು. ಶನಿಗ್ರಹದಿಂದ ದೊಡ್ಡ ದೊಡ್ಡ ಏಡಿ ಬಂದಿವೆ. ಸುಡಬೇಕು. ಗೇಮಿನ ಹೆಸರೂ ಅದೇ ಅಂತೆ, ಶನಿಗ್ರಹದ ಏಡಿಗಳು. ಹೆಸರು ಕೇಳಿ ಅಪ್ಪಯ್ಯ ಚಾವಡಿಯಿಂದಲೇ ಅಂದರು — "ಇದ್ದ ಶನಿ ಸಾಲ್ದಾ, ಅದನ್ನೂ ರಿಕ್ಷಾದಂಗೆ ಹಾಕ್ಕಂಡ್ ಬಂದ್ಯನೆ?"

ನಾಲ್ಕು ಸಲ ಸತ್ತೆ. ಕಿರುಬೆರಳು ಕೀ ಮೇಲಿದೆಯೋ ಇಲ್ಲವೋ, ನೋಡಿದರೆ ಮಾತ್ರ ಗೊತ್ತು.

5 ಜೂನ್

ಅಪ್ಪಯ್ಯ ಇವತ್ತು ಕುರ್ಚಿ ಎಳೆದು ಹಿಂದೆ ಕೂತರು. ಐವತ್ತು ವರ್ಷ ಬಲೆ ಎಳೆದವರು. ತುಂಬ ಹೊತ್ತು ನೋಡಿದರು.

"ಏಡಿ ಎದ್ರ್ ನಡೀತಾ ಮಗಾ? ಅಡ್ಡ ಅಲ್ದಾ ನಡುದ್?"

"ಶನಿಗ್ರಹದ್ದ್ ಅಪ್ಪಯ್ಯ."

"ಎಲ್ಲಿದಾರೂ ಆಯ್ಲಿ. ಆರೇ ಕಾಲ್ ಇತ್ತ್. ಇದನ್ನ್ ಮಾಡ್ದರ್ ಏಡಿ ಕಂಡೇ ಇಲ್ಲ."

ಹರಿಣಾಕ್ಷಿ ಒಳಗೆ ನಕ್ಕದ್ದು ಕೇಳಿತು. ಮಾರ್ಚಿನಿಂದ ಈಚೆಗೆ ಮೊದಲ ಸಲ ಇರಬೇಕು. ನನಗೂ ನಗು ಬರಬೇಕಿತ್ತು.

16 ಜೂನ್, ಬುಧವಾರ

ನಿನ್ನೆಯಿಂದ ಬೋಟ್ ಬಂದ್. ಮಳೆಗಾಲದ ರಜೆ. ಎಲ್ಲ ಬೋಟ್ ಗಂಗೊಳ್ಳಿ ಬಂದರಿನಲ್ಲಿ ಕಟ್ಟಿದ್ದಾರೆ.

ಸೂರ ಬಂದ. ಹರಿಣಾಕ್ಷಿಯ ಅಣ್ಣ, ನನ್ನ ಭಾವ. ಹದಿನಾರನೇ ವರ್ಷದಿಂದ ಒಂದೇ ಬೋಟಿನಲ್ಲಿ ಇದ್ದೆವು. ಆಸ್ಪತ್ರೆಯ ನಂತರ ಈ ಮನೆಗೆ ಬಂದದ್ದು ಇದೇ ಮೊದಲು. ಒದ್ದೆ ಕೊಡೆ ಮಡಚಿ ಬಾಗಿಲಲ್ಲೇ ನಿಂತ.

"ಎಂತ ಮಾಡ್ತಿದ್ದೆ ಭಾವ?"

"ಏಡಿ ಸುಡ್ತಿದ್ದೆ. ಕೂಕೊ."

ಕೂತ. ಕೈ ನೋಡಲಿಲ್ಲ. ಪರದೆ ನೋಡಿದ.

ಬರೆದುಬಿಡುತ್ತೇನೆ. ಯಾರೂ ಓದುವುದಿಲ್ಲವಲ್ಲ. ಮಾರ್ಚ್ ಹನ್ನೊಂದು, ಬೆಳಗಿನ ಜಾವ, ಬಲೆ ಎಳೆಯುವಾಗ ರೋಪ್ ಸಿಕ್ಕಿಕೊಂಡಿತು. ರೋಪ್ ಸುತ್ತುವ ಯಂತ್ರ, ವಿಂಚ್, ನಿಲ್ಲಿಸಿದ್ದರು. ಬಿಡಿಸಲು ಕೈ ಹಾಕಿದ್ದೆ. ಕೈ ಒಳಗಿರುವಾಗಲೇ ಸೂರ ಲಿವರ್ ಎಳೆದ. ಬೇರೆ ಯಾರೂ ನೋಡಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗ ಕಾಲು ಜಾರಿ ವಿಂಚಿನ ಮೇಲೆ ಬಿದ್ದೆ ಅಂದೆ. ಎಲ್ಲರಿಗೂ ಹಾಗೇ ಅಂದೆ. ಹರಿಣಾಕ್ಷಿಗೂ. ಸೂರ ಪಕ್ಕದಲ್ಲೇ ನಿಂತಿದ್ದ, ಕೇಳಿಸಿಕೊಂಡ.

21 ಜೂನ್

ಈ ಗೇಮನ್ನು ಇಬ್ಬರು ಆಡಬಹುದು ಅಂತ ಧನ್ಯ ತೋರಿಸಿದಳು. ಒಂದೇ ಕೀಬೋರ್ಡು. ಎಡಗಡೆಯ ಅಕ್ಷರ ಅವನಿಗೆ, ಬಲಗಡೆಯ ಬಾಣ ನನಗೆ. ಸೂರ ಊಟ ಮಾಡಿ ಬರುತ್ತಾನೆ, ಚಾ ಹೊತ್ತಿಗೆ ಹೋಗುತ್ತಾನೆ. ಕರೆಂಟ್ ಹೋದರೆ ಕತ್ತಲೆ ಪರದೆ ನೋಡುತ್ತ ಕೂರುತ್ತೇವೆ.

ಮಾತು ಇಷ್ಟೇ. "ಹಿಂದೆ ಕಾಣ್." "ಬಾಲ್ದಿ ಬಂತ್." "ನೀ ಹೋಗ್, ನಾ ಇದ್ದೆ."

ಏಳನೇ ಸ್ಟೇಜ್ ದಾಟಿದೆವು. ನಡುಬೆರಳಿನ ತುದಿ ಸ್ವಲ್ಪ ಜುಮ್ಮೆಂದ ಹಾಗೆ. ಇರಬಹುದು. ಗೊತ್ತಿಲ್ಲ.

26 ಜೂನ್, ಶನಿವಾರ

ಒಂಬತ್ತನೇ ಸ್ಟೇಜ್. ಕಾರ್ಖಾನೆಯಂಥ ಜಾಗ. ಮೇಲೆ ದೊಡ್ಡ ಕಬ್ಬಿಣದ ಬಾಗಿಲು. ಒಬ್ಬ ಕೆಳಗೆ ಹೋಗಿ ಬಾಂಬ್ ಇಟ್ಟು ಬರಬೇಕು. ಇನ್ನೊಬ್ಬ ಲಿವರ್ ಎಳೆದು ಬಾಗಿಲು ಬೀಳಿಸಬೇಕು. ನಾನು ಕೆಳಗೆ ಹೋದೆ. ಬಾಂಬ್ ಇಟ್ಟೆ. ಹೊರಗೆ ಬಂದೆ.

"ಹಾಕ್ ಭಾವ."

ಹಾಕಲಿಲ್ಲ. ಏಡಿ ಬಂದು ನನ್ನನ್ನು ತಿಂದಿತು. ಆ ಹೆಂಗಸು ಚೀರಿದಳು.

ಮತ್ತೆ ಆಡಿದೆವು. ಮತ್ತೆ ಹಾಕಲಿಲ್ಲ. ಮೂರನೇ ಸಲ ನೋಡಿದೆ. ಅವನ ಎರಡೂ ಕೈ ತೊಡೆಯ ಮೇಲಿತ್ತು.

"ಬ್ಯಾರೆ ಎಂತಾರೂ ಆಡ್ವ" ಅಂದ.

"ಇದೊಂದ್ ಒತ್ತ್ ಮಾರಾಯ. ಕಂಪ್ಯೂಟರ್ ಅಲ್ದಾ."

ಎದ್ದ. ಕೊಡೆ ಮರೆತು ಮಳೆಯಲ್ಲೇ ಹೋದ. ನಾನು ಒಬ್ಬನೇ ಆ ಹೆಂಗಸಿನ ಚೀರಾಟ ಕೇಳುತ್ತ ಕೂತೆ. ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

11 ಜುಲೈ

ಹದಿನೈದು ದಿನ ಬರೆದಿಲ್ಲ. ಸೂರ ಬಂದಿಲ್ಲ.

ಹರಿಣಾಕ್ಷಿ ಕೇಳಿದಳು, ಅಣ್ಣನ ಹತ್ತಿರ ಜಗಳವಾ ಅಂತ. ಇಲ್ಲ ಅಂದೆ.

ನಿನ್ನೆ ಫಿಸಿಯೋ ಮೇಡಂ ಕೈ ನೋಡಿದರು. ನಡುಬೆರಳು ಬರಬಹುದು. ಉಳಿದೆರಡರ ಆಸೆ ಬೇಡ ಅಂದರು. ಸರಿ ಅಂದೆ. ಇನ್ನೇನಾದರೂ ಕೇಳುವುದಿದೆಯಾ ಅಂದರು. ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಸೋಡಾ ಕುಡಿದು ಬಂದೆ.

23 ಜುಲೈ, ಶುಕ್ರವಾರ

ತಾಂಡೇಲ ಕಿಟ್ಟಣ್ಣ ಬಂದಿದ್ದ. ಬೋಟ್ ನಡೆಸುವವನು ಅವನು, ಯಾರನ್ನು ಹತ್ತಿಸುವುದು ಅಂತ ಹೇಳುವವನೂ ಅವನೇ. ಹರಿಣಾಕ್ಷಿ ಚಾ ಕೊಟ್ಟಳು. ಅರ್ಧ ಕುಡಿದು ಶುರುಮಾಡಿದ.

"ಬೇಜಾರ್ ಮಾಡ್ಕಣ್ಬೇಡ ರತನ. ಈ ಸಲ ನಿನ್ನ ಹತ್ಸುದಿಲ್ಲ."

"ಮೀನ್ ಆರ್ಸುಕೆ ಆತ್ತ್. ಎಡಗೈ ಗಟ್ಟಿ ಇತ್ತ್."

"ಕೈ ಸಂಗ್ತಿ ಅಲ್ಲ. ನಿಂತಲ್ಲಿ ಕಾಲ್ ಜಾರ್ಸ್ಕಂಬರನ್ನ ನಾ ಕರ್ಕಂಡ್ ಹ್ವಾಪುದ್ ಹ್ಯಾಂಗೆ? ಅವತ್ತ್ ಕೈ ಹೋಯ್ತ್. ನಾಳೆ ಜೀವ ಹೋರೆ ಈ ಹೆಣ್ಣಿಗ್ ನಾನ್ ಎಂತ ಹೇಳುದ್?"

ಹರಿಣಾಕ್ಷಿ ನನ್ನ ಮುಖ ನೋಡಿದಳು. ನಾನು ಲೋಟ ನೋಡಿದೆ. ಒಂದು ಮಾತು ಸಾಕಿತ್ತು — ಕಾಲು ಜಾರಿಲ್ಲ ಕಿಟ್ಟಣ್ಣ ಅಂತ.

30 ಜುಲೈ, ಶುಕ್ರವಾರ. ಸಂಜೆ

ಸೂರ ಬಂದ. ಕಿಟ್ಟಣ್ಣ ಹೇಳಿದ್ದು ಅವನ ಕಿವಿಗೆ ಬಿದ್ದಿದೆ. ಕಂಪ್ಯೂಟರ್ ಹತ್ತಿರ ಹೋಗಲಿಲ್ಲ. ನೆಲಕ್ಕೆ ಕೂತ. ಹರಿಣಾಕ್ಷಿ ಹಿಂದಿನ ಬಾಗಿಲಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಅವಳಿಗೆ ಕೇಳುವಷ್ಟು ಗಟ್ಟಿಯಾಗೇ ಹೇಳಿದ.

"ಅವತ್ತ್ ವಿಂಚ್ ಹಾಕಿದ್ದ್ ನಾನ್. ಇವ ಕಾಲ್ ಜಾರಿ ಬೀಳ್ಲಿಲ್ಲ."

ಕತ್ತಿಯ ಸದ್ದು ನಿಂತಿತು. ಅವಳು ಎದ್ದು ಬಂದಳು. ಕೈಯೆಲ್ಲ ಮೀನಿನ ನೆತ್ತರು.

"ಆಯ್ತ್ ಅಂತ ಇವ ಹೇಳ್ದ ಹಾಂಗ್ ಕೇಂಡಿತ್ತ್ ನಂಗೆ" ಅಂದ ಸೂರ. "ಇಂಜಿನ್ ಸದ್ದಿನ್ ಮಧ್ಯೆ ಎಂತದೋ ತಪ್ಪ್ ಕೇಂಡ್ಕಂಡೆ ಕಾಂತ್. ಲಿವರ್ ಎಳ್ದೆ. ದಿನಾ ಅದೇ ನೆನ್ಪ್ ಮಾಡ್ತೆ ಹರಿಣಿ. ಹೇಳ್ದ್ನಾ, ಹೇಳ್ಲಿಲ್ಯಾ. ತಲಿ ಕೆಟ್ಟ್ ಹೋಯ್ತ್."

ಅವಳು ಅಣ್ಣನನ್ನು ನೋಡಲೇ ಇಲ್ಲ.

"ನಿಮ್ಗ್ ಗೊತ್ತಿತ್ತಾ?"

"ಗೊತ್ತಿತ್ತ್."

"ನಾಲ್ಕ್ ತಿಂಗ್ಳ್. ದಿನಾ ಬೈದೆ ನಿಮ್ಗೆ. ಕಾಲ್ ಕಂಡ್ ಇಡೂಕ್ ಆತಿಲ್ಯಾ ಅಂದೆ. ಕಲ್ಲಿನ್ ಹಾಂಗ್ ಕೂಕಂಡ್ ಕೇಂಡ್ರಿ. ನನ್ನ್ ಹತ್ರನೂ ಹೇಳೂಕ್ ಆಯ್ಲಿಲ್ಲ ಅಲ್ದಾ?"

ಒಳಗೆ ಹೋದಳು. ಸೂರ ಅಳುತ್ತಿದ್ದ. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ಏನೋ ಕೇಳುವವನ ಹಾಗೆ. ನಾನು ಎದ್ದು, ಅವನು ಅವತ್ತು ಮರೆತ ಕೊಡೆ ತಂದುಕೊಟ್ಟೆ.

2 ಆಗಸ್ಟ್

ಹರಿಣಾಕ್ಷಿ ಮಾತಾಡುತ್ತಿಲ್ಲ. ಊಟ ಬಡಿಸುತ್ತಾಳೆ. ಬಿಸಿನೀರು ಇಡುತ್ತಾಳೆ. ಬೈಗುಳವೂ ಇಲ್ಲ. ಬೈದರೆ ಒಳ್ಳೆಯದಿತ್ತು.

ಸೂರ ಕಿಟ್ಟಣ್ಣನ ಮನೆಗೂ ಹೋಗಿ ಹೇಳಿ ಬಂದನಂತೆ. ಧನ್ಯ ಪೇಟೆಯಲ್ಲಿ ಕೇಳಿ ಬಂದಳು.

ಗೇಮ್ ಹಾಕಿದೆ. ಒಂಬತ್ತನೇ ಸ್ಟೇಜ್ ಒಬ್ಬನೇ ಆಡಲು ಆಗುವುದಿಲ್ಲ. ಆರಿಸಿದೆ.

6 ಆಗಸ್ಟ್, ಶುಕ್ರವಾರ

ಕಿಟ್ಟಣ್ಣ ಬಂದ. ಈ ಸಲ ಕೂರಲಿಲ್ಲ.

"ಬುಧ್ವಾರ ಬೋಟ್ ಹೊರಡ್ತ್. ನೀ ಬಾ. ಮೀನ್ ಆರ್ಸುದ್, ಐಸ್ ಹಾಕುದ್. ವಿಂಚ್ ಹತ್ರ ಮಾತ್ರ ಬಪ್ಪುಕಾಗ."

"ಸೂರ?"

"ಅವ ಮಲ್ಪೆಗ್ ಹೋದ, ಬ್ಯಾರೆ ಬೋಟಿಗೆ. ನಾನ್ ಹೋಗ್ ಅನ್ಲಿಲ್ಲ. ಬ್ಯಾಡ ಅಂತ್ಲೂ ಅನ್ಲಿಲ್ಲ. ಆಯ್ತ್ ಅನ್ನೂಕ್ ಮೊದ್ಲೇ ಲಿವರ್ ಎಳ್ದವ ಅಂತ ಹುಡ್ಗ್ರ್ ಮಾತಾಡ್ತಿದ್ರ್. ಅವನೇ ಹೋದ."

ಅಪ್ಪಯ್ಯ ಕೈ ಮುಗಿದರು. ದೇವರು ದೊಡ್ಡವನು, ಮಗನಿಗೆ ಬೋಟ್ ಸಿಕ್ಕಿತು ಅಂದರು. ನಾನು ಹ್ಞೂಂ ಅಂದೆ.

ಕೈಯನ್ನು ಬಿಸಿನೀರಲ್ಲಿ ಇಟ್ಟೆ. ಎಷ್ಟು ಹೊತ್ತು ಗೊತ್ತಿಲ್ಲ. ತೆಗೆಯುವಾಗ ನೀರು ತಣ್ಣಗಾಗಿತ್ತು ಅಂತ ಎಡಗೈ ಹೇಳಿತು.

9 ಆಗಸ್ಟ್, ಸೋಮವಾರ. ಬೆಳಿಗ್ಗೆ 7

ಹತ್ತು ದಿನದ ಮೇಲೆ ಹರಿಣಾಕ್ಷಿ ಮಾತಾಡಿದಳು. ಚಾ ಇಟ್ಟು ಅಲ್ಲೇ ನಿಂತು —

"ಅಣ್ಣ ಸಮಾ ಉಂಬುದಿಲ್ಲ ಅಂಬ್ರ್. ನಂಗ್ ಸಿಟ್ ಇತ್ತ್. ಆದ್ರೂ ಕಾಣ್ದೆ ಇಪ್ಪುಕಾತಿಲ್ಲ. ಇವತ್ತ್ ಮಲ್ಪೆಗೆ ಹೋಯಿ ಬಪ್ಪ. ನೀವೂ ಬನಿ."

ಬರುತ್ತೇನೆ ಅಂದೆ. ಎಂಟು ಗಂಟೆಯ ಬಸ್ಸು. ಅವಳು ಅಣ್ಣನಿಗೆ ಒಣಮೀನಿನ ಚಟ್ನಿ ಕಟ್ಟುತ್ತಿದ್ದಾಳೆ. ಅದಕ್ಕೆ ಮೊದಲು ಇದು ಬರೆಯಬೇಕು. ಇಲ್ಲೂ ಬರೆದಿರಲಿಲ್ಲ.

ಸೂರನಿಗೆ ತಪ್ಪು ಕೇಳಿಸಲಿಲ್ಲ. ಅವನು ಕೇಳಿದ್ದ. "ಆಯ್ತಾ ಭಾವ?" ಅಂತ ಸ್ಪಷ್ಟ ಕೇಳಿದ್ದ. ನಾನು ಆಯ್ತು ಅಂದೆ. ನಿದ್ದೆಗಣ್ಣಿತ್ತು. ರೋಪ್ ಬಿಟ್ಟುಕೊಂಡಿತ್ತು, ಕೈ ತೆಗೆದೆ ಅಂದುಕೊಂಡೇ ಅಂದೆ. ಕೈ ಒಳಗೇ ಇತ್ತು. ಭಾವ ದೊಡ್ಡ ಮನಸ್ಸಿನವನು, ಸುಳ್ಳು ಹೇಳಿ ನನ್ನನ್ನು ಕಾಪಾಡುತ್ತಿದ್ದಾನೆ ಅಂತ ಸೂರ ನಂಬಿದ. ನಾನು ನಂಬಲು ಬಿಟ್ಟೆ. ನನ್ನ ಮೂರು ಬೆರಳು ಸಾಯುವಾಗ ಅವನ ತಲೆ ಸರಿ ಇರುವುದು ಯಾಕೆ ಅಂತ... ಹಾಗೆ ಯೋಚಿಸಿದ್ದೆನೇ? ಯೋಚಿಸಿರಬೇಕು.

ಬಸ್ಸಿನಲ್ಲಿ ಇವಳಿಗೆ ಹೇಳುವುದೋ. ಅಲ್ಲಿ ಅವನ ಎದುರೇ ಹೇಳುವುದೋ. ಹೇಳಿದರೆ ಬುಧವಾರದ ಬೋಟ್ ನನ್ನ ಕೈತಪ್ಪಿ ಹೋಗುತ್ತದೆ. ಹೋಗಲಿ. ಇವಳು ಏನು ಮಾಡುತ್ತಾಳೆ ಗೊತ್ತಿಲ್ಲ.

ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದಾಳೆ. "ಹ್ವಾಯ್, ಬರೆಯುದ್ ಸಾಕ್, ಬಸ್ ತಪ್ಪತ್ತ್." ಬಸ್ಸಿನವರೆಗೆ ಬೇಡ. ಈಗಲೇ, ಇಲ್ಲೇ. ಹರಿಣಾಕ್ಷಿ, ಒಂಚೂರ್ ಒಳ್ಗ್ ಬಾ ಅಂದೆ. ಬರುತ್ತಿದ್ದಾಳೆ. ಎಂತ ಅಂತ ಕೇಳುತ್ತಿದ್ದಾಳೆ. ಪೆನ್ನು ಇಟ್ಟು ಹೇಳುತ್ತೇನೆ.