ಇಪ್ಪತ್ತೆರಡರ ಅಜ್ಜಿ

ವಿಬೊರ್ಗ್, ೧೨ ಅಕ್ಟೋಬರ್ ೧೯೫೩

ಪ್ರೀತಿಯ ರಾಗ್ನಿಲ್ ಅಕ್ಕ,

ಸಿಡ್ಸೆಲ್ ಅಜ್ಜಿ ಸಿಕ್ಕಳು. ಹಸುಗೂಸಾಗಿದ್ದ ತನ್ನನ್ನು ಸಾಕುಮನೆಯಲ್ಲಿ ಬಿಟ್ಟು ಅಮೆರಿಕಕ್ಕೆ ಹೋದವಳೆಂದು ಅಮ್ಮ ಜೀವಮಾನವಿಡೀ ಬೈಯುತ್ತಲೇ ಬಂದಳಲ್ಲ, ಅದು ಸುಳ್ಳು. ಇಲ್ಲಿನ ದಾಖಲೆ ಕಚೇರಿಯಲ್ಲಿ ಅಮ್ಮ ಹುಟ್ಟಿದ ಊರಿನ ಚರ್ಚ್ ಪುಸ್ತಕ ತೆಗೆಸಿದೆ. ಹಳೆಯ ಅಕ್ಷರ ನನಗೆ ಬಿಡಿಸಲಾಗಲಿಲ್ಲ. ಒಬ್ಬ ಮುದಿ ಗುಮಾಸ್ತ ಓದಿಕೊಟ್ಟ. ೧೮೭೪ರ ಫೆಬ್ರವರಿ ನಾಲ್ಕಕ್ಕೆ ಅಮ್ಮ ಹುಟ್ಟಿದ್ದಾಳೆ. ಸತ್ತವರ ಪುಟಕ್ಕೆ ಬಂದಾಗ ಅವನ ಬೆರಳು ನಿಂತಿತು.

“ಅಮೆರಿಕಕ್ಕೆ ಹೋದ್ಲು ಅಂದ್ರಾ? ಇಲ್ಲಮ್ಮ. ಅದೇ ತಿಂಗಳ ಹದಿನೈದನೇ ತಾರೀಕು ಬಾಣಂತಿ ಜ್ವರದಲ್ಲಿ ತೀರ್ಕೊಂಡಿದ್ದಾಳೆ. ವಯಸ್ಸು ಇಪ್ಪತ್ತೆರಡು.”

ಅಕ್ಕ, ನಿನ್ನ ಮಗಳಿಗಿಂತ ಚಿಕ್ಕವಳು! ನಾನು ಅಲ್ಲೇ ಅತ್ತುಬಿಟ್ಟೆ. ಅವನು ತನ್ನ ಫ್ಲಾಸ್ಕಿನ ಕಾಫಿ ಕೊಟ್ಟ.

“ಸಾಕಿದವರು ಯಾಕೆ ಸುಳ್ಳು ಹೇಳಿದ್ರು?” ಎಂದೆ.

“ಸತ್ತಳು ಅಂದ್ರೆ ಮಗು ತಮ್ಮನ್ನ ಬಿಟ್ಟು ಸಮಾಧಿ ಹುಡುಕ್ಕೊಂಡು ಹೋಗುತ್ತೆ ಅಂತ ಹೆದರಿರ್ಬೇಕು. ಸುಳ್ಳು ಅಂತ ಹೇಳೋಕೆ ಸತ್ತವಳು ಎದ್ದು ಬರ್ತಾಳಾ?” ಎಂದ.

ಮಧ್ಯಾಹ್ನದ ಬಸ್ಸಿನಲ್ಲಿ ಆ ಊರಿಗೂ ಹೋಗಿಬಂದೆ. ಸಮಾಧಿ ಉಳಿದಿಲ್ಲ. ನೋಡಿಕೊಳ್ಳುವವರಿಲ್ಲದ ಜಾಗವನ್ನು ಎಂದೋ ಬೇರೆಯವರಿಗೆ ಕೊಟ್ಟಿದ್ದಾರೆ. ಅಲ್ಲೀಗ ಯಾರೋ ಕಮ್ಮಾರ ಮಲಗಿದ್ದಾನೆ. ಅವನ ಕಲ್ಲಿನ ಪಕ್ಕವೇ ಸ್ವಲ್ಪ ಹೊತ್ತು ನಿಂತಿದ್ದೆ.

ನನ್ನ ಮಂಡಿನೋವು ಹಾಗೇ ಇದೆ. ಗುರುವಾರ ಹೊರಡುತ್ತೇನೆ, ಆದರೆ ನನಗಾಗಿ ಕಾಯಬೇಡ. ಅಮ್ಮನಿಗೆ ಹೆಚ್ಚು ದಿನವಿಲ್ಲವೆಂದು ಡಾಕ್ಟರ್ ಹೇಳಿದ್ದಾರಲ್ಲ. ಈ ಕಾರ್ಡ್ ತಲುಪಿದ ಕೂಡಲೇ ಅವಳ ಬಲಗಿವಿಯ ಹತ್ತಿರ ಗಟ್ಟಿಯಾಗಿ ಹೇಳು: “ನಿಮ್ಮಮ್ಮ ನಿನ್ನ ಬಿಟ್ಟು ಹೋಗ್ಲಿಲ್ಲ. ಬದುಕಿದ್ದಷ್ಟು ದಿನ, ಹನ್ನೊಂದು ದಿನ, ನಿನ್ನ ಜೊತೆಗೇ ಇದ್ಲು.”

ನಿನ್ನ ತೂರಾ